ಪಾಸೌಟ್ ಪ್ರಸಂಗ

ಬೆಂಗಳೂರಿನ ಹುಡುಗ '2022ರಲ್ಲಿ ಪಾಸೌಟ್ ಆದೆ' ಎಂದರೆ ಇಲ್ಲಿ ಶಹಬ್ಬಾಸ್‌ಗಿರಿ, ಬೆನ್ನಿಗೇ 'ಕೆಲಸ ಸಿಕ್ತಾ?' ಎಂಬ ಪ್ರಶ್ನೆ. ಅದನ್ನೇ ಅಮೆರಿಕದವರ ಮುಂದೆ ಹೇಳಿದರೆ ಅವರಿಗೆ ಗಾಬರಿ. ಅವರ ಕಿವಿಗೆ ಕೇಳಿಸುವುದು 'ಜ್ಞಾನ ತಪ್ಪಿ ಬಿದ್ದೆ' ಎಂದು! ಪದವಿಯಿಂದ ಜ್ಞಾನ ಬರಬೇಕಿತ್ತಲ್ಲವೇ?

ನಮ್ಮವರದು ಪೂರ್ತಿ ತಪ್ಪೇನೂ ಅಲ್ಲ. ಸೈನಿಕ ತರಬೇತಿ ಮುಗಿಸಿ ಹೊರಬರುವುದಕ್ಕೆ ಬ್ರಿಟಿಷರು ಇದೇ ಮಾತು ಬಳಸುತ್ತಾರೆ. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ಇಂದಿಗೂ 'ಪಾಸಿಂಗ್ ಔಟ್ ಪರೇಡ್' ನಡೆಯುತ್ತದೆ. ಕನ್ನಡ ಪತ್ರಿಕೆಗಳು ಅದನ್ನು 'ನಿರ್ಗಮನ ಪಥಸಂಚಲನ' ಎಂದು ಗಂಭೀರವಾಗಿ ಬರೆಯುತ್ತವೆ. ಪರೇಡೇ ಇಲ್ಲದ ಕಾಲೇಜುಗಳಿಗೂ ನಾವು ಈ ಮಾತನ್ನು ಹಂಚಿದ್ದೇವೆ, ಅಷ್ಟೆ.

ಎರಡು ಅರ್ಥಗಳೂ ಒಂದೇ ಮೈದಾನದಲ್ಲಿ ಭೇಟಿಯಾಗುವುದುಂಟು. ಬಿಸಿಲಲ್ಲಿ ಅಲ್ಲಾಡದೆ ನಿಂತರೆ ರಕ್ತ ಕಾಲಿಗಿಳಿದು ಮಿದುಳಿಗೆ ಕೊರತೆಯಾಗುತ್ತದೆ. 2023ರ ಜೂನ್‌ನಲ್ಲಿ ಲಂಡನ್ನಿನಲ್ಲಿ ರಾಜನ ಹುಟ್ಟುಹಬ್ಬದ ಪರೇಡಿನ ತಾಲೀಮು ನಡೆದಾಗ ಉಣ್ಣೆಯ ಕೋಟು, ಕರಡಿ ತುಪ್ಪಳದ ಟೋಪಿ ತೊಟ್ಟ ಸೈನಿಕರು ರಾಜಕುಮಾರ ವಿಲಿಯಂ ಎದುರೇ ಕುಸಿದರು. ಬಿದ್ದ ಟ್ರಾಂಬೋನ್ ವಾದಕನೊಬ್ಬ ಎದ್ದು ಮತ್ತೆ ಊದಲು ನೋಡಿದ. ಇದಲ್ಲವೇ ಕರ್ತವ್ಯನಿಷ್ಠೆ!

ಕ್ರಿಯಾಪದಕ್ಕೆ 'ಔಟ್'ನಂಥ ಬಾಲ ಅಂಟಿಸುವ ಇಂಗ್ಲಿಷಿನ ಈ ಚಾಳಿ ಪರದೇಶದವರನ್ನು ಕಾಡುತ್ತದೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲೇ ತನ್ನ ನಿಘಂಟಿನ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದ. ಬಾಲ ಬದಲಾದರಂತೂ ಕೇಳುವುದೇ ಬೇಡ: 'ಪಾಸ್ ಔಟ್' ಆದವನನ್ನು ನೀರು ಚಿಮುಕಿಸಿ ಎಬ್ಬಿಸಬಹುದು, 'ಪಾಸ್ ಅವೇ' ಆದವನಿಗೆ ತಿಥಿಯೇ ಗತಿ.

ಆದ್ದರಿಂದ ಅಮೆರಿಕದ ಕಂಪನಿಗೆ ಅರ್ಜಿ ಹಾಕುವವರು 'ಗ್ರ್ಯಾಜುಯೇಟ್ ಆದೆ' ಎಂದೇ ಬರೆಯಿರಿ.