ಸೇಫ್ಟಿ ಭಾವ

ಬೇ ಏರಿಯಾದ ಯಾವ ಕನ್ನಡ ಬಳಗಕ್ಕೆ ಹೋದರೂ ಸೇಫ್ಟಿ ಹುಚ್ಚಿನವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ಭಾವ. ಯುಗಾದಿಯ ಬೇವು-ಬೆಲ್ಲಕ್ಕೂ ಎಕ್ಸ್‌ಪೈರಿ ಡೇಟ್ ಹುಡುಕುವ ಆಸಾಮಿ. ಫೆಬ್ರವರಿಯಲ್ಲಿ ಲೇಕ್ ಟಾಹೊಗೆ ಸ್ಕೀಯಿಂಗ್ ಹೋಗೋಣವೇ ಎಂದು ಅಕ್ಕ ದೀಪಾವಳಿಯ ದಿನ ಬಾಯಿಬಿಟ್ಟಳು. ಬಲಿಪಾಡ್ಯಮಿಗೆ ಎಕ್ಸೆಲ್ ಶೀಟು ಸಿದ್ಧ.

ಮೊದಲು ದಾರಿ. ಹಿಮ ಜೋರಾದರೆ ಡಾನರ್ ಪಾಸ್ ಎಂಬ ಬೆಟ್ಟದ ದಾರಿ ಹತ್ತುವ ಮುಂಚೆ ಗಾಡಿ ತಡೆದು ಟೈರಿಗೆ ಚೈನ್ ಕಟ್ಟಿಸುತ್ತಾರೆ. 1846ರ ಚಳಿಗಾಲದಲ್ಲಿ ಅಲ್ಲೇ ಸಿಕ್ಕಿಬಿದ್ದ ಡಾನರ್ ಎಂಬ ವಲಸಿಗರ ತಂಡದಲ್ಲಿ ಕೆಲವರು ಸತ್ತವರನ್ನೇ ತಿಂದು ಬದುಕಿದ ಕಥೆಯನ್ನು ಭಾವ ಸರಿಯಾಗಿ ಊಟದ ಹೊತ್ತಿಗೆ ಹೇಳಿದರು. ಅಕ್ಕನ ಪಟ್ಟಿಯಲ್ಲಿ 20 ಇದ್ದ ಚಪಾತಿ ಅಂದೇ 40 ಆಯಿತು. ಮುಂದಿನ ಭಾನುವಾರ, ಫ್ರೀಮಾಂಟಿನ ಬಿಸಿಲಲ್ಲಿ ಮನೆ ಮುಂದೆ ಚೈನ್ ಕಟ್ಟುವ ತಾಲೀಮು. ಹಿಂದಿನ ಚಕ್ರಕ್ಕೆ ಕಟ್ಟಿ ಬೆವರೊರೆಸಿಕೊಂಡ ಮೇಲೆ, ಈ ಗಾಡಿಯನ್ನು ಎಳೆಯುವುದು ಮುಂದಿನ ಚಕ್ರ ಎಂದು ಪಕ್ಕದ ಮನೆ ಹುಡುಗ ಹೇಳಿದ. ನಗಬೇಡಿ. ಮರಗಟ್ಟಿದ ಬೆರಳಲ್ಲಿ ರಸ್ತೆ ಬದಿ ಮಂಡಿಯೂರಿ ಇದನ್ನು ಕಲಿಯುವುದಕ್ಕಿಂತ ಬಿಸಿಲೇ ವಾಸಿ.

ಆಮೇಲೆ ಬಟ್ಟೆ. ಹತ್ತಿ ಬನಿಯನ್‌ಗೆ ಬಹಿಷ್ಕಾರ: ಬೆವರು ಕುಡಿದರೆ ಬೇಗ ಒಣಗದು, ಮೈ ತಣ್ಣಗಾಗುತ್ತದೆ. ಒಳಗೆ ಮೆರಿನೊ ಉಣ್ಣೆ, ನಡುವೆ ಫ್ಲೀಸ್, ಮೇಲೆ ನೀರಿಳಿಯದ ಜಾಕೆಟ್. ತಲೆಗೆ ಹೆಲ್ಮೆಟ್, ಕಣ್ಣಿಗೆ ಗಾಗಲ್ಸ್. ಹಿಮದ ಮೇಲೆ ಬಿದ್ದ ಬಿಸಿಲು ಮೇಲಕ್ಕೆ ಚಿಮ್ಮುತ್ತದೆಂದು ಗದ್ದದ ಅಡಿಗೂ ಸನ್‌ಸ್ಕ್ರೀನ್. ಮಣಿಕಟ್ಟಿನ ಗಾರ್ಡೂ ಬಂತು. ಅದು ಬೇಕಾಗುವುದು ಕೈಯೂರಿ ಬೀಳುವ ಸ್ನೋಬೋರ್ಡಿನವರಿಗೆ. ಭಾವ ಹೊರಟದ್ದು ಸ್ಕೀಗೆ. ‘ಇರ್ಲಿ ಬಿಡೋ, ಡಿಸ್ಕೌಂಟ್ ಇತ್ತು.’

ಶೀಟಿನಲ್ಲಿ ಇಲ್ಲದ್ದು ಎರಡೇ. ತಿಂಗಳಿಂದ ದಿನಾ ನಾಲ್ಕು ಬಸ್ಕಿ ಹೊಡೆಯಿರಿ ಎಂದರೆ ‘ಮೀಟಿಂಗ್ ಇದೆ’. ಮೊದಲ ದಿನ ಪಾಠಕ್ಕೆ ಸೇರಿ ಎಂದರೆ ‘ಯೂಟ್ಯೂಬಲ್ಲಿ ಎಲ್ಲಾ ನೋಡಿದೀನಿ ಕಣೋ’.

ಟಾಹೊ ತಲುಪಿದ ಮೇಲೆ ಸ್ಕೀ ಬಾಡಿಗೆ ಅಂಗಡಿಯಲ್ಲಿ ಫಾರ್ಮ್ ಕೊಟ್ಟರು. ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಬೈಂಡಿಂಗನ್ನು ಎಷ್ಟು ಬಿಗಿ ಮಾಡಬೇಕೆಂಬುದು ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ಜೊತೆಗೆ ನೀವು ಸ್ಕೀ ಮಾಡುವ ರೀತಿಯ ಮೇಲೆ. ಬಿದ್ದು ಕಾಲು ತಿರುಚಿದಾಗ ಅದು ಬಿಚ್ಚಿಕೊಳ್ಳಬೇಕು. ವಿಪರೀತ ಬಿಗಿಯಿದ್ದರೆ ಮುರಿಯುವುದು ಕಾಲು. ಭಾವ ತೂಕ 160 ಪೌಂಡ್ ಎಂದು ಬರೆದರು.

‘ರೀ, 188,’ ಎಂದಳು ಅಕ್ಕ ಹಿಂದಿನಿಂದ.

ರೀತಿಯ ಕಾಲಂನಲ್ಲಿ ಮೂರು ಬಗೆ: ಹುಷಾರಿನವರು, ಮಧ್ಯಮರು, ನುಗ್ಗುವವರು. ಭಾವ ಮೂರನೆಯದಕ್ಕೆ ಟಿಕ್ ಹಾಕಿದರು. ಅಕ್ಕ ಪೆನ್ನು ಕಿತ್ತುಕೊಂಡು ಆ ಟಿಕ್ಕನ್ನು ಹೊಡೆದು ಹಾಕಿ ಒಂದನೆಯದಕ್ಕೆ ಹಾಕಿದಳು.

ಮಕ್ಕಳು ಕಲಿಯುವ ಇಳಿಜಾರಿನಲ್ಲಿ ಭಾವ ನೆಟ್ಟಗೆ ನಿಂತೇ ಜಾರಿದರು, ನೆಟ್ಟಗೇ ಜಾರಿದರು, ಕೊನೆಗೆ ಸೊಂಟ ತಿರುಚಿ ಕವುಚಿಬಿದ್ದರು. ಠಕ್ಕೆಂದು ಎರಡೂ ಸ್ಕೀ ಬಿಚ್ಚಿಕೊಂಡವು. ನಾವು ಓಡಿ ಹೋಗುವಷ್ಟರಲ್ಲಿ ತಾವೇ ಎದ್ದು ನಿಂತಿದ್ದರು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಗ್ಲೌಸ್ ಕಳಚಿ ಫೋನ್ ತೆಗೆದರು.

‘ಒಂದು ಸಲ ಬಿದ್ದಿದ್ದಕ್ಕೇ ಬಿಟ್ಟುಕೊಳ್ತಲ್ಲೋ, ಎಂಥಾ ಕಳಪೆ ಮಾಲು! ಒಂದೇ ಸ್ಟಾರ್ ಕೊಡ್ತೀನಿ ನೋಡ್ತಿರು.’