ಮೂರು ಕುಲಾವಿಯ ಕೂಸು

ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತೇವಲ್ಲ, ಚಿತ್ರ ಬಿಡಿಸುವ ಉಚಿತ ತಂತ್ರಾಂಶ ಕ್ರಿಟಾಗೆ ಹೊಲಿಸಿದ್ದು ಮೂರು ಕುಲಾವಿ! 1999ರಲ್ಲಿ ಕೆಲಸ ಶುರುವಾದಾಗ ಕೆಇಮೇಜ್‌ಶಾಪ್, ಆಮೇಲೆ ಕ್ರಯಾನ್, ಕೊನೆಗೆ ಕ್ರಿಟಾ. ಸ್ವೀಡಿಷ್‌ನಲ್ಲಿ ಹಾಗೆಂದರೆ ಸೀಮೆಸುಣ್ಣ. ಕೂಸು ಜನರ ಕೈಗೆ ಬಂದದ್ದು 2005ರಲ್ಲಿ.

ಈಗ ಆಳೆತ್ತರ ಬೆಳೆದಿದೆ. ಬಗೆಬಗೆಯ ಕುಂಚಗಳಿವೆ, ಅನಿಮೇಷನ್ ಮಾಡಬಹುದು. ನಡುಗುವ ಕೈಯ ಗೆರೆಯನ್ನು ತಿದ್ದಿ ನಯಮಾಡುವ ಸ್ಟೆಬಿಲೈಸರ್ ಕೂಡ ಇದೆ. ಅದನ್ನೇ ನಂಬಿ ನಾನೊಂದು ಗಣಪತಿ ಬರೆದೆ. ಗೆರೆ ಬೆಣ್ಣೆಯಂತೆ ಜಾರಿತು. ಮೊಮ್ಮಗಳು ಇಣುಕಿ, "ತಾತಾ, ಬದನೆಕಾಯಿ ಚೆನ್ನಾಗಿದೆ" ಅಂದಳು. ಗಾದೆಯಲ್ಲಾದರೋ ಗಣಪನನ್ನು ಮಾಡಹೋದವನಿಗೆ ಅವರಪ್ಪನಾದರೂ ದಕ್ಕಿದ್ದ!

ಕಂಟ್ರೋಲ್ ಜೆಡ್ ಒತ್ತಿದೆ. ಬದನೆಕಾಯಿ ಮಾಯ. ಮೊಮ್ಮಗಳ ನಗು ಅಳಿಸುವ ಗುಂಡಿ ಯಾವ ಆವೃತ್ತಿಯಲ್ಲಿ ಬರುತ್ತದೋ!