ಯಾರ್ ಸಾರ್ ಮಾಡಿದ್ದು ಈ ಕೆಲಸ?

ಮೇಸ್ತ್ರಿ ಬರುತ್ತಾನೆ. ಬೆರಳ ಗೆಣ್ಣಿನಿಂದ ಗೋಡೆ ಕುಟ್ಟುತ್ತಾನೆ. ತಾರಸಿಯ ಮೂಲೆ ನೋಡಿ ಲೊಚಗುಟ್ಟುತ್ತಾನೆ. ಆಮೇಲೆ ಆ ಮಹಾಪ್ರಶ್ನೆ: "ಯಾರ್ ಸಾರ್ ಮಾಡಿದ್ದು ಈ ಕೆಲಸ?"

ಉತ್ತರ ಬೇಕಿಲ್ಲ. ಇದು ಮನೆ ರಿಪೇರಿಯ ಗುದ್ದಲಿಪೂಜೆ. ಹಿಂದಿನವರು ಮಾಡಿದ್ದೆಲ್ಲ ಹಾಳು ಎಂದು ಸಾರದೆ ನಮ್ಮಲ್ಲಿ ಯಾವ ಸರ್ಕಾರವೂ ಕೆಲಸ ಶುರು ಮಾಡಿದ್ದಿಲ್ಲ; ಮೇಸ್ತ್ರಿಯೊಬ್ಬ ಯಾಕೆ ಸಂಪ್ರದಾಯ ಮುರಿಯಬೇಕು? ಯಜಮಾನರಿಗೂ ಒಳಗೊಳಗೇ ಖುಷಿ. ಹಿಂದಿನವರು ಅಂದರೆ ಅಪ್ಪ. ಎಚ್‌ಎಎಲ್‌ನಲ್ಲೋ ಐಟಿಐನಲ್ಲೋ ಸೈರನ್ನಿಗೆ ಎದ್ದು ದುಡಿದು, ಪಿ.ಎಫ್. ಸಾಲ ತೆಗೆದು, ಮೂವತ್ತು-ನಲವತ್ತರ ಸೈಟಿನಲ್ಲಿ ಏಳೆಂಟು ಚದರದ ಮನೆ ಎಬ್ಬಿಸಿದ ಅಪ್ಪ. ಅವರಿಗೆ ಏನೂ ತಿಳಿಯುತ್ತಿರಲಿಲ್ಲ ಎಂದು ಮಗ ಅಂದರೆ ಅಮ್ಮ ಎರಡು ದಿನ ಊಟ ಬಿಡುತ್ತಾರೆ. ಮೇಸ್ತ್ರಿ ಅಂದರೆ ಅದು ತಾಂತ್ರಿಕ ಅಭಿಪ್ರಾಯ.

ಸೋರುತ್ತಿದ್ದದ್ದು ಬಚ್ಚಲುಮನೆ. ಒಡೆದದ್ದು ಹಾಲ್. "ಹೇಗಿದ್ರೂ ಧೂಳಾಗುತ್ತೆ ಸಾರ್, ಒಟ್ಟಿಗೇ ಮುಗಿಸಿಬಿಡೋಣ" ಎಂಬ ತರ್ಕದ ಎದುರು ನಿಂತ ಗೃಹಸ್ಥ ಬೆಂಗಳೂರಿನಲ್ಲಿ ಇನ್ನೂ ಹುಟ್ಟಿಲ್ಲ.

ಹಾಲ್‌ನಲ್ಲಿದ್ದದ್ದು ರೆಡ್ ಆಕ್ಸೈಡ್ ನೆಲ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಹಸಿ ಇರುವಾಗಲೇ ಕುಕ್ಕರಗಾಲಲ್ಲಿ ಕೂತು ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ತರಿಸಿದ ನೆಲ. ಬರಿಗಾಲಲ್ಲಿ ಓಡಾಡಿದಷ್ಟೂ ಮಿರುಗುವ, ಬೇಸಿಗೆಯ ಮಧ್ಯಾಹ್ನ ಚಾಪೆಯೂ ಇಲ್ಲದೆ ಮಲಗಿದರೆ ಬೆನ್ನು ತಂಪಾಗುವ ನೆಲ. ಅಲ್ಲಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟದ್ದೇ ಅದರ ಅಪರಾಧ. ಮಷೀನ್ ಹಿಡಿದು ಎಬ್ಬಿಸಿದರು. ಎರಡಡಿ-ನಾಲ್ಕಡಿಯ ವಿಟ್ರಿಫೈಡ್ ಟೈಲ್ಸ್ ಬಂತು. ಅದರ ಕಂತು ತೀರುವ ಮೊದಲೇ ಇದೇ ಕುಟುಂಬ ಸಕಲೇಶಪುರದ ಕಡೆ ಹೋಂಸ್ಟೇಗೆ ಹೋಗಿ, ರಾತ್ರಿಗಿಷ್ಟು ಎಂದು ದುಡ್ಡು ಕಟ್ಟಿ, ಕೆಂಪು ನೆಲದ ಮೇಲೆ ಕಾಲು ಚಾಚಿ ಫೋಟೊ ತೆಗೆಸಿಕೊಂಡು "ವಾವ್, ಎಷ್ಟು ಅಥೆಂಟಿಕ್" ಅನ್ನುತ್ತದೆ. ಆ ನೆಲ ಹಾಕುವ ಕೈಗಳು ಈಗ ಅಪರೂಪ. ಬೇಕೆಂದರೆ ಆರ್ಕಿಟೆಕ್ಟ್ ಮೂಲಕ ಹುಡುಕಬೇಕು, ಟೈಲ್ಸಿನವನಿಗಿಂತ ಹೆಚ್ಚು ಕೊಡಬೇಕು.

ಎಸ್ಟಿಮೇಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಮೇಸ್ತ್ರಿಯ ಡೈರಿಯ ಹರಿದ ಹಾಳೆಯಲ್ಲಿರುತ್ತದೆ. ಕೊನೆಯ ಸಾಲು "ಇತರೆ". ಮೇಲಿನ ಸಾಲುಗಳೆಲ್ಲ ಆ ಇತರೆಗೆ ಪೀಠಿಕೆ.

ಸೋಮವಾರ ಬರದ, ಬುಧವಾರ ಫೋನ್ ಎತ್ತದ ಮೇಸ್ತ್ರಿ ಶನಿವಾರ ಸಂಜೆ ಗೇಟಿನಲ್ಲಿ ಪ್ರತ್ಯಕ್ಷ. ಅಂದು ಬಟವಾಡೆ. ಅವನನ್ನೂ ಪೂರ್ತಿ ಬೈಯುವಂತಿಲ್ಲ. ಗಾರೆಯವರು ರಾಯಚೂರು, ಯಾದಗಿರಿ ಕಡೆಯವರು, ಊರಲ್ಲಿ ಜಾತ್ರೆ. ಟೈಲ್ಸಿನವರು ಬಿಹಾರದವರು, ಅವರಿಗೆ ಛಠ್ ಪೂಜೆ. ನಮ್ಮ ಫಾಲ್ಸ್ ಸೀಲಿಂಗಿಗೆ ಸಾಲು ಸಾಲು ದೀಪ ಕೂರಿಸುವ ಇವರು ಮಲಗುವುದು ತಗಡಿನ ಶೆಡ್ಡಿನಲ್ಲಿ. ಅದಕ್ಕೊಂದು ಬಾಗಿಲು "ಇತರೆ"ಯಲ್ಲೂ ಸೇರಿಲ್ಲ.

ಇನ್ನು ಒಳಜಗಳ. ಬಡಗಿ ತೂಗುಗುಂಡು ಇಳಿಬಿಟ್ಟು ಗೋಡೆ ಓರೆ ಅನ್ನುತ್ತಾನೆ. ಗಾರೆಯವನು ರಸಮಟ್ಟ ಇಟ್ಟು ಬಾಗಿಲೇ ಓರೆ ಅನ್ನುತ್ತಾನೆ. ಎಲೆಕ್ಟ್ರಿಷಿಯನ್ ಗೋಡೆ ಕೊರೆದು ಪೈಪಿಗೆ ತೂತು ಮಾಡಿ, ಪೈಪ್ ಅಲ್ಲಿಟ್ಟ ಪ್ಲಂಬರನನ್ನು ಬೈಯುತ್ತಾನೆ. ಕೊನೆಗೆ ವಾಸ್ತುವಿನವರು ಬಂದು, ತಪ್ಪು ಯಾರದೂ ಅಲ್ಲ, ದಿಕ್ಕಿನದು ಎಂದು ತೀರ್ಪು ಕೊಟ್ಟು, ನೆಟ್ಟಗಿದ್ದ ಒಲೆಯನ್ನು ಆಗ್ನೇಯಕ್ಕೆ ಓಡಿಸುತ್ತಾರೆ. ಬಡಗಿ "ಎಲ್ಲಾ ಸೆವೆನ್ ಟೆನ್ ಪ್ಲೈ ಸಾರ್" ಎಂದು ಆಣೆ ಹಾಕುತ್ತಾನೆ. ಐಎಸ್ 710 ಅಂದರೆ ನೀರು ತಾಳುವ ಮರೀನ್ ಪ್ಲೈವುಡ್. ಹಾಳೆಯ ಮೇಲೆ ಮುದ್ರೆ ಇರುತ್ತದೆ. ಲ್ಯಾಮಿನೇಟ್ ಅಂಟಿದ ಮೇಲೆ ಒಳಗಿನ ಮುದ್ರೆ ಪರಮಾತ್ಮನಿಗೇ ಗೊತ್ತು.

ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕು ಎನ್ನುತ್ತದೆ ಐಎಸ್ 456. 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರನ್ನು ಕಟ್ಟಡಕ್ಕೆ ಸುರಿದರೆ 5,000 ರೂಪಾಯಿ ದಂಡ ಎಂದಿತು ಜಲಮಂಡಳಿ. ಎರಡನ್ನೂ ಪಾಲಿಸುವ ದಾರಿ ಮೇಸ್ತ್ರಿಗೆ ಹೊಳೆಯಿತು: ಕತ್ತಲಾದ ಮೇಲೆ ಪೈಪ್ ಹಿಡಿಯುವುದು.

ಕೆಲಸ ಯಾವತ್ತೂ ಮುಗಿಯುವುದಿಲ್ಲ, ದುಡ್ಡು ಮುಗಿಯುತ್ತದೆ. ಅಂದು ಸತ್ಯನಾರಾಯಣ ಪೂಜೆ ಇಟ್ಟುಕೊಳ್ಳುತ್ತಾರೆ. ಸಪಾದ ಭಕ್ಷ್ಯಕ್ಕಿಂತ ಮೊದಲು ಬರುವುದು ಪ್ರಶ್ನೆ: "ಎಷ್ಟಾಯ್ತು?" ಕೈಗಡ ಕೇಳಬಹುದಾದ ಭಾವಮೈದುನನಿಗೆ ಬರೀ ಸಾಲದ ಲೆಕ್ಕ. ಬೀಗರಿಗೆ ಅದನ್ನೇ ಒಂದೂವರೆ ಪಟ್ಟು ಮಾಡಿದ ಲೆಕ್ಕ. ನಿಜವಾದ ಲೆಕ್ಕ ಹೆಂಡತಿಗೂ ಇಲ್ಲ. ಪುಟ್ಟಿಯ ಧೂಳು ಸಾಸಿವೆ ಡಬ್ಬಿಯೊಳಗೂ ಇಳಿದಿದೆ. ಒಗ್ಗರಣೆ ಚಟಪಟ ಅನ್ನುವುದಿಲ್ಲ. ಹೊಸ ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ಹಾರ ಹಾಕಿದ ಫೋಟೊ ಥೀಮ್‌ಗೆ ಹೊಂದುವುದಿಲ್ಲ ಎಂದು ಇಂಟೀರಿಯರ್‌ನವರು ಹೇಳಿದ್ದಾರೆ. ಅಪ್ಪ ಈಗ ಲಾಫ್ಟ್‌ನಲ್ಲಿ, ಹಳೇ ಮಿಕ್ಸಿಯ ಪಕ್ಕ ಇದ್ದಾರೆ.

ಅಪ್ಪನ ನೆಲ ಎಲ್ಲಿದೆ? ಕಟ್ಟಡ ತ್ಯಾಜ್ಯದ ಹೊಣೆ ಒಡೆದವರದೇ ಎಂದು 2016ರಲ್ಲೇ ಕೇಂದ್ರದ ನಿಯಮ ಹೇಳಿತ್ತು. ಮೇಸ್ತ್ರಿ ಹೇಳಿದ್ದು ಇಷ್ಟೇ: "ಟ್ರ್ಯಾಕ್ಟರ್‌ನವನಿಗೆ ಹೇಳಿದೀನಿ, ಎಲ್ಲಿ ಅಂತ ಕೇಳ್ಬೇಡಿ." ಯಜಮಾನರು ಕೇಳಲಿಲ್ಲ. ನಡುರಾತ್ರಿ ಟ್ರ್ಯಾಕ್ಟರ್ ಹೋಯಿತು, ಬೆಳಗ್ಗೆ ಕೆರೆಯ ಅಂಚು ನಾಲ್ಕು ಹೆಜ್ಜೆ ಒಳಗೆ ಬಂದಿತ್ತು. ದೂರು ಕೊಡೋಣವೆಂದರೆ 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ರಿನೋವೇಶನ್ ಆಗಿ ಒಂದು ಹೋಗಿ ಐದಾಗಿದೆ. ಕೆರೆಯ ಈ ದಡ ಯಾರದೆಂದು ತಿಳಿಯಲು ಐದೂ ಕಡೆ ಟೋಕನ್ ತೆಗೆದುಕೊಳ್ಳಬೇಕು.

ಕಂತು ಕಟ್ಟುವ ಚಿಂತೆಯಲ್ಲಿ ಯಜಮಾನರಿಗೆ ಬಿ.ಪಿ. ಏರಿದೆ. ದಿನಾ ಕೆರೆ ಸುತ್ತಿ ಎಂದಿದ್ದಾರೆ ಡಾಕ್ಟರು. ಸುತ್ತುತ್ತಾರೆ. ವಾಕಿಂಗ್ ಗೆಳೆಯರ ಜತೆ ಆ ಕೆಂಪು ಚೂರುಗಳ ದಿಣ್ಣೆಯ ಮೇಲೆ ನಿಂತು, ಕೆರೆ ನುಂಗುವ ಕಳ್ಳರನ್ನು ಬಾಯ್ತುಂಬ ಬೈಯುತ್ತಾರೆ. ಭಾನುವಾರ "ಕೆರೆ ಉಳಿಸಿ" ಮನವಿಗೆ ಸಹಿ ಸಂಗ್ರಹವಿದೆ. ಮೊದಲ ಸಹಿ ಅವರದೇ.